ಮೈಲುತುತ್ತದ ಹಲಗೆ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪ್ರೀತಿಯ ಕತೆಯೆಂದು ಓದಲು ಕೂತವರನ್ನು ಸೂತಕ ಕಳೆಯದ ಮನೆಯೊಂದಕ್ಕೆ ಕರೆದೊಯ್ಯುವುದು ಮರ್ಯಾದೆಯಲ್ಲ. ಭದ್ರಾವತಿಯಲ್ಲಿ ಹಗಲು ವೆಲ್ಡಿಂಗ್ ಮಾಡಿ ಸಂಜೆ ಕಾಲೇಜಿನಲ್ಲಿ ಓದಿದವನು ನಾನು. ಚೆಂದಗಾಣಿಸಲು ಹೋದರೆ ಎಲ್ಲಿ ಸುಳ್ಳಾಗುತ್ತದೋ ಎಂಬ ಅಳುಕಿದೆ. ಆದರೂ ಆ ಬೇಸಿಗೆಯಲ್ಲಿ ಚೈತ್ರ ನನ್ನನ್ನು ನೋಡಿದ ಬಗೆಯನ್ನು ಬೇರೆ ಯಾರೂ ಹೇಳಲಾರರು. ಅದನ್ನು ಕಂಡವನು ನಾನೊಬ್ಬನೇ.

ಎರಡು ಸಾವಿರದ ಏಳನೇ ಇಸವಿ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ನರಸಿಂಹರಾಜಪುರದಲ್ಲಿ ರೇಣುಕಪ್ಪನವರ ವೆಲ್ಡಿಂಗ್ ಶಾಪಿನಲ್ಲಿ ನಾನು ಕೆಲಸಕ್ಕಿದ್ದೆ. ಒಂದು ಬೆಳಿಗ್ಗೆ ಪವರ್ ಟಿಲ್ಲರೊಂದು ಉದ್ದನೆಯ ಟ್ರೇಲರನ್ನು ಎಳೆದುಕೊಂಡು ಬಂದು ಅಂಗಳದಲ್ಲಿ ನಿಂತಿತು. ಟ್ರೇಲರ್ ಮೇಲೆ ಒಂದು ಪುಟ್ಟ ಅಲ್ಯೂಮಿನಿಯಂ ದೋಣಿ. ಅಪ್ಪನ ಚಪ್ಪಲಿಯಲ್ಲಿ ಕಾಲಿಟ್ಟ ಮಗುವಿನ ಹಾಗೆ ಅದು ಅತ್ತಿತ್ತ ಜಾರುತ್ತಿತ್ತು.

ಟಿಲ್ಲರ್ ಓಡಿಸುತ್ತಿದ್ದವರು ಹಿನ್ನೀರಿನ ದಂಡೆಯ ಊರಿನ ತಿಮ್ಮಪ್ಪ ಗೌಡರು. ದೋಣಿಯೊಳಗೆ ಹಗ್ಗ ಹಿಡಿದು ಕೂತಿದ್ದವಳು ಅವರ ಮಗಳು ಚೈತ್ರ. ನೀರಿಲ್ಲದ ಪೇಟೆ ಬೀದಿಯಲ್ಲಿ ದೋಣಿಯಲ್ಲಿ ಕೂತು ಬಂದ ಹುಡುಗಿಯನ್ನು ನಾನು ಅದೇ ಮೊದಲು ನೋಡಿದ್ದು. ಕೆನ್ನೆಯ ಮೇಲೆ ಧೂಳು, ಧೂಳಿನ ಮೇಲೆ ಬೆವರಿನ ಒಂದು ಗೆರೆ. ಇಳಿಯುವಾಗ ನಾನು ಚಾಚಿದ ಕೈಯನ್ನು ನೋಡಿ, ಅದನ್ನು ಹಿಡಿಯದೆ ಹಾರಿ ಇಳಿದಳು.

ಅವಳನ್ನು ನಗಿಸಬೇಕೆನ್ನಿಸಿತು. "ದೊಡ್ಡ ಮೀನು ಬಿದ್ರೆ ನಮ್ಮನ್ನ ಮರೀಬೇಡಿ ಗೌಡ್ರೇ" ಎಂದೆ.

ಗೌಡರು ಟಿಲ್ಲರಿನ ಕೊಕ್ಕೆ ಬಿಚ್ಚುತ್ತಲೇ ಇದ್ದರು. ಚೈತ್ರ ನನ್ನ ಕಡೆ ತಿರುಗಿ, "ನಮ್ಮನೇಲಿ ಮೀನು ತಿನ್ನದು ಬಿಟ್ಟಾಯ್ತು" ಎಂದಳು.

ರೇಣುಕಪ್ಪನವರು ನನ್ನ ತೋಳು ಹಿಡಿದು ಶೆಡ್ಡಿನ ಹಿಂದಕ್ಕೆ ಎಳೆದುಕೊಂಡು ಹೋದರು. "ಬಾಯಿಗೊಂದು ಬೀಗ ಹಾಕ್ಕೋ ಮಾರಾಯ! ಅವರ ಮಗ ಮೋಹಿತ್ ಹೋದ ಮಳೆಗಾಲದಲ್ಲಿ ಬಲೆ ಬಿಡಕ್ಕೆ ಹೋಗಿ ತೆಪ್ಪ ಮಗುಚಿ ಹೋದ. ತೆಪ್ಪ ಸಿಕ್ತು, ಹುಡುಗ ಸಿಕ್ಕಲಿಲ್ಲ. ಮೀನಿನ ದೋಣಿ ಹೌದು, ಆದ್ರೆ ಗೌಡ್ರು ತಂದಿದ್ದು ಮೀನಿಗಲ್ಲ."

ಭದ್ರಾ ಹಿನ್ನೀರನ್ನು ಬೇಸಿಗೆಯಲ್ಲಿ ನೋಡಿದವರಿಗೆ ಗೊತ್ತಿರುತ್ತದೆ. ನೀರು ದಿನದಿನವೂ ಹಿಂದೆ ಸರಿಯುತ್ತದೆ. ಮುಳುಗಿದ ಊರಿನ ರಸ್ತೆ, ಮರದ ಬೊಡ್ಡೆಗಳು, ಮನೆಯ ಅಡಿಗಲ್ಲುಗಳು ಒಂದೊಂದಾಗಿ ಮೇಲೇಳುತ್ತವೆ. ನಿನ್ನೆ ದೋಣಿ ಕಟ್ಟಿದ ಜಾಗದಲ್ಲಿ ಇವತ್ತು ಕೆಸರು. ನೀರು ಇಳಿದ ಹಾಗೆ ದೋಣಿಯನ್ನು ಅದರ ಹಿಂದೆ ಎಳೆದುಕೊಂಡು ಹೋಗಬೇಕು. ಅದಕ್ಕೇ ಟ್ರೇಲರ್. ಆದರೆ ಗೌಡರಿಗೆ ಸಿಕ್ಕಿದ್ದು ದೊಡ್ಡ ಫೈಬರ್ ಬೋಟಿಗೆಂದು ಮಾಡಿದ ಟ್ರೇಲರ್. ದೋಣಿ ಕೂರಲೆಂದಿದ್ದ ಅದರ ಇಳಿಜಾರಾದ ಕಬ್ಬಿಣದ ತೊಟ್ಟಿಲಿನಲ್ಲಿ ಈ ಚಪ್ಪಟೆ ತಳದ ದೋಣಿ ಎರಡೇ ಕಡೆ ತಾಗಿ, ತಾಗಿದ ಕಡೆ ನೆಗ್ಗಿಹೋಗಿತ್ತು.

ತೊಟ್ಟಿಲನ್ನು ಕತ್ತರಿಸಿ ಹಾಕಿ, ದೋಣಿಯ ಉದ್ದಕ್ಕೂ ತಳಕ್ಕೆ ಆಸರೆಯಾಗುವಂತೆ ಎರಡು ಮರದ ಹಲಗೆ ಕೂರಿಸಬೇಕು. ಭಾರವೆಲ್ಲ ಟಿಲ್ಲರಿನ ಮೇಲೆ ಬೀಳದಂತೆ ಚಕ್ರದ ಆಕ್ಸಲನ್ನು ಸರಿಸಬೇಕು. ಮುಂದಿನ ಕಂಬವನ್ನು ದೋಣಿಯ ಮೂತಿಗೆ ತಾಗುವಷ್ಟು ಹಿಂದೆ ತರಬೇಕು. ಕೆಲಸ ಕಷ್ಟದ್ದಲ್ಲ. ನನಗೆ ಮಾತ್ರ ಒಮ್ಮೆ ಅಳೆದರೆ ಸಮಾಧಾನವಾಗುವುದಿಲ್ಲ. ಅಳೆದು, ಗುರುತು ಹಾಕಿ, ಗುರುತಿನ ಮೇಲೆ ಅನುಮಾನ ಬಂದು ಮತ್ತೆ ಅಳೆಯುತ್ತಿದ್ದೆ.

ಅಪ್ಪನಿಗೆ ಬುತ್ತಿ ತರುತ್ತಿದ್ದ ಚೈತ್ರ ಎರಡನೇ ದಿನ ತಾನಾಗಿ ಮಾತಾಡಿಸಿದಳು. "ಎಷ್ಟು ಸಲ ಅಳೀತೀರಿ? ದೋಣಿ ಎಂತ ಬೆಳೀತದಾ?"

"ತಪ್ಪಾದ್ರೆ ಕಷ್ಟ ಅಲ್ವಾ."

"ಮತ್ತೆ ನನ್ನನ್ನ ಯಾಕೆ ಹಂಗೆ ನೋಡದು, ಒಂದ್ಸಲ ನೋಡಿ ಸಾಲದೆ? ನನ್ನಲ್ಲೂ ಎಂತಾರೂ ತಪ್ಪಾಗಿದ್ಯಾ?"

ನನ್ನ ಕೈಯಲ್ಲಿದ್ದ ಟೇಪು ಸರ್ರನೆ ಒಳಗೆ ಹೋಯಿತು. ಅವಳು ನಕ್ಕಳು. ಕೂಡಲೇ, ಯಾರೋ ಬೈದಂತೆ, ಬಾಯಿ ಮುಚ್ಚಿಕೊಂಡು ಅಪ್ಪನ ಕಡೆ ನೋಡಿದಳು. ಅವಳು ನಗುವುದನ್ನು ಬಿಟ್ಟೂ ಬಹಳ ದಿನವಾಗಿತ್ತೆಂದು ನನಗೆ ಆಗ ಹೊಳೆಯಿತು.

ಗೌಡರು ಹಳೇ ಟಯರೊಂದರ ಮೇಲೆ ಕೂತು ದಿನವಿಡೀ ಕಾಯುತ್ತಿದ್ದರು. ಸಂಜೆಗೆ ಒಂದೇ ಮಾತು: "ಆಗ್ತದಾ ಇವತ್ತು?" ಗದರುವ ದನಿಯಲ್ಲ. ಗದರಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಅವರು ಬೋಲ್ಟ್ ತರಲು ಹೋದಾಗೊಮ್ಮೆ ಚೈತ್ರ ಹತ್ತಿರ ಬಂದಳು. ದೋಣಿಯ ಅಂಚಿನ ರಿವೆಟುಗಳ ಮೇಲೆ ಬೆರಳಾಡಿಸುತ್ತ, "ಒಂದು ಮಾತು ನಡೆಸಿ ಕೊಡ್ತೀರಾ?" ಎಂದಳು.

"ಹೇಳಿ."

"ಇದನ್ನ ಮುಗಿಸ್ಬೇಡಿ. ಮಳೆ ಹಿಡಿಯೋವರೆಗೂ ಅಳೀತಾ ಇರಿ. ನಿಮಗೆ ಹೆಂಗೂ ಅಭ್ಯಾಸ ಇದೆ." ತಮಾಷೆಯ ಮಾತೇ, ಕಣ್ಣಿನಲ್ಲಿ ತಮಾಷೆಯಿರಲಿಲ್ಲ. "ಅಪ್ಪಂಗೆ ಈಜು ಬರಲ್ಲ."

ಮುಗಿಸದೆ ಇರಲು ನನ್ನಿಂದಾಗಲಿಲ್ಲ. ಟಯರಿನ ಮೇಲೆ ಕೂತ ಆ ಮನುಷ್ಯನ ಎದುರು ಸುಮ್ಮನೆ ಕೆಲಸ ಎಳೆಯುವ ಧೈರ್ಯ ನನಗಿರಲಿಲ್ಲ. ಮತ್ತಿ ಮರದ ಹಲಗೆ ಕೊಯ್ಯಿಸಿ ತಂದೆವು. ಗೌಡರು, "ಇದನ್ನ ಎರಡು ದಿನ ನನಗೆ ಬಿಡು ಮಾರಾಯ. ಗೆದ್ದಲೂ ಮುಟ್ಟಬಾರ್ದು, ನೀರಿಗೂ ಕೊಳೀಬಾರ್ದು" ಎಂದು ಮನೆಗೆ ಒಯ್ದು, ಅಡಿಕೆಗೆ ಔಷಧಿಯಾಗಿ ಹೊಡೆಯುವ ಮೈಲುತುತ್ತದ ನೀರಿನಲ್ಲಿ ಮುಳುಗಿಸಿ ತಂದರು. ನಮ್ಮ ಕಡೆ ಬೇಲಿಗೂಟಕ್ಕೆ ಎಲ್ಲರೂ ಮಾಡುವುದೇ. ಹಲಗೆಗೆ ಹಸಿರು ಬೆರೆತ ನೀಲಿ ಬಂದಿತ್ತು. ಚೈತ್ರಳ ಬೆರಳ ತುದಿಗೂ ಅದೇ ಬಣ್ಣ. ಬಹಳ ಚೆಂದ ಕಾಣುತ್ತದೆ ಎಂದೆ.

"ಹಲಗೆಯಾ?" ಎಂದಳು ಅವಳು.

ದೋಣಿ ಆ ಹಲಗೆಗಳ ಮೇಲೆ ಅಲುಗಾಡದೆ ಕೂತಿತು. ಗೌಡರು ಕೈ ಮುಗಿದರು, ನನಗೋ ದೋಣಿಗೋ ಗೊತ್ತಾಗಲಿಲ್ಲ. ಚೈತ್ರ ನನ್ನನ್ನು ಒಮ್ಮೆ ಮಾತ್ರ ನೋಡಿ ಮುಖ ತಿರುಗಿಸಿದಳು.

ಆಮೇಲೆ ನಾನು ವಾರಕ್ಕೊಮ್ಮೆ ಹಿನ್ನೀರಿಗೆ ಹೋಗತೊಡಗಿದೆ. ನೀರಿಗಿಳಿಯುವ ಚಕ್ರಕ್ಕೆ ಗ್ರೀಸ್ ಹಾಕಬೇಕೆಂಬುದು ನೆಪ. ಗೌಡರು ಬೆಳಿಗ್ಗೆ ಹೊರಟು, ಉದ್ದ ಬಿದಿರಿನ ಗಳಕ್ಕೆ ಕೊಕ್ಕೆ ಕಟ್ಟಿ, ತಳ ಕೆದಕುತ್ತ ಮಧ್ಯಾಹ್ನದವರೆಗೆ ದೋಣಿಯಲ್ಲಿರುತ್ತಿದ್ದರು. ಚೈತ್ರ ಒಣಗಿ ಬಿರಿದ ಕೆಸರಿನ ಮೇಲೆ ನಿಂತು ಅವರನ್ನೇ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ನಿಂತರೆ ಬೇಡವೆನ್ನುತ್ತಿರಲಿಲ್ಲ.

"ಇಷ್ಟೊಂದು ಗ್ರೀಸ್ ಕುಡೀತದಾ ಒಂದು ಚಕ್ರ?"

"ಕೆಸರು ಅಲ್ವಾ, ಬೇಗ ಖರ್ಚಾಗ್ತದೆ."

"ಹೌದಾ ಮೇಸ್ತ್ರಿ!" ಎಂದು ಕಣ್ಣಂಚಿನಲ್ಲಿ ನೋಡಿ, ಸೆರಗಿನ ತುದಿಯಿಂದ ನನ್ನ ಹಣೆಯ ಮಸಿ ಒರೆಸಿದಳು ಒಂದು ದಿನ. ದೂರದಲ್ಲಿ ಅವಳಪ್ಪ ಬಿದಿರಿನ ಗಳವನ್ನು ಮೇಲೆತ್ತಿ, ಕೊಕ್ಕೆಗೆ ಸಿಕ್ಕಿದ್ದೇನೆಂದು ನೋಡಿ, ಮತ್ತೆ ಇಳಿಸಿದರು. ಒರೆಸುತ್ತಿದ್ದ ಕೈ ಅಲ್ಲೇ ನಿಂತಿತು. ನಮ್ಮ ಪ್ರೀತಿ ಹೀಗೆ, ಅರ್ಧ ಅರ್ಧವೇ ನಡೆಯಿತು.

ನಮ್ಮ ಹಳ್ಳಿ ನಾರ್ವೆಯಿಂದ ಅಮ್ಮನನ್ನು ಕರೆತಂದು ಹೆಣ್ಣು ಕೇಳಿಸಿದೆ. ಚೈತ್ರಳ ತಾಯಿ ಜಲಜಮ್ಮ ಕಾಫಿ ಕೊಟ್ಟು ಬಾಗಿಲ ಹಿಂದೆ ನಿಂತರು. ಗೌಡರು, "ಹುಡುಗ ಒಳ್ಳೆಯವ. ಆದ್ರೆ ಮಗನ ಕಾರ್ಯ ಆಗದೆ ಈ ಮನೆ ಮುಂದೆ ಚಪ್ಪರ ಏಳಲ್ಲ ಕಣಮ್ಮ" ಎಂದರು.

"ದರ್ಭೆಯ ಗೊಂಬೆ ಮಾಡಿ ಕಾರ್ಯ ಮುಗಿಸ್ತಾರಲ್ಲ ಗೌಡ್ರೇ, ದೇಹ ಸಿಕ್ಕದಿದ್ದಾಗ?" ಅಮ್ಮ ಮೆಲ್ಲಗೆ ಕೇಳಿದಳು.

"ನನ್ನ ಮಗ ಹುಲ್ಲಲ್ಲ."

ಬಾಗಿಲ ಹಿಂದೆ ಜಲಜಮ್ಮನ ಬಳೆ ಒಮ್ಮೆ ಸದ್ದಾಯಿತು. ಅಷ್ಟೇ.

ಏಪ್ರಿಲ್ ಕೊನೆಗೆ ನೀರು ಬಹಳ ಕೆಳಗಿಳಿದಿತ್ತು. ಆ ವಾರ, ದೋಣಿ ಇಳಿಸುವ ಮೊದಲೇ, ಗ್ರೀಸ್ ಹಾಕಲು ಟ್ರೇಲರ್ ಕೆಳಗೆ ಬಗ್ಗಿದವನು ದೋಣಿಯ ತಳ ನೋಡಿದೆ. ಹಲಗೆಗಳು ತಾಗುವ ಉದ್ದಕ್ಕೂ ಬಿಳೀ ಬೂದಿಯಂಥ ಪುಡಿ. ಉಗುರಿನಿಂದ ಕೆರೆದರೆ ತಗಡಿನಲ್ಲಿ ಸಣ್ಣ ಸಣ್ಣ ಗುಂಡಿಗಳು. ಒಂದು ಕಡೆ ಉಗುರು ಒಳಗೇ ಇಳಿಯಿತು. ಸಂಜೆ ಕ್ಲಾಸಿನಲ್ಲಿ ಯಾರೋ ತಾಮ್ರ, ಅಲ್ಯೂಮಿನಿಯಂ, ಒದ್ದೆ ಎಂದೆಲ್ಲ ಹೇಳಿದ್ದು ಅರ್ಧಂಬರ್ಧ ನೆನಪಾಯಿತು. ಪೂರ್ತಿ ನೆನಪಾಗದಿದ್ದರೂ ಕಣ್ಣಿಗೆ ಕಂಡದ್ದು ಸಾಕಿತ್ತು. ಮೈಲುತುತ್ತದಲ್ಲಿರುವುದು ತಾಮ್ರ. ಹಲಗೆಯ ಮೈಲುತುತ್ತ ದೋಣಿಯನ್ನು ತಿನ್ನುತ್ತಿತ್ತು.

ತಲೆಯೆತ್ತಿದರೆ ಚೈತ್ರ ನಿಂತಿದ್ದಳು. ನನ್ನನ್ನಲ್ಲ, ನನ್ನ ಬೆರಳನ್ನು ನೋಡುತ್ತಿದ್ದಳು.

"ಕಾಣ್ತಾ?" ಎಂದಳು.

"ನಿನಗೆ ಗೊತ್ತಿತ್ತಾ?" ಅವಳನ್ನು ನೀನು ಎಂದದ್ದು ಅದೇ ಮೊದಲು. ಹಾಗೆ ಕರೆಯಲು ಬೇರೆ ಎಷ್ಟೋ ಗಳಿಗೆಗಳನ್ನು ಕಾದಿದ್ದೆ.

"ದಿನಾ ತೊಳೆಯದು ನಾನೇ. ಔಷಧಿ ಕಲಸಿ ಕಬ್ಬಿಣದ ಬಕೆಟ್ ತೂತಾಗದು ಸಣ್ಣವಳಿಂದ ನೋಡಿದೀನಿ. ಪುಡಿ ಕಂಡ ದಿನವೇ ಗೊತ್ತಾಯ್ತು."

"ಹೇಳಲಿಲ್ಲ?"

"ಹೇಳಿದ್ರೆ ಸರಿ ಮಾಡಿಸ್ತಾರೆ. ನೀವು ಚೆಂದಾಗಿ ಸರಿ ಮಾಡ್ತೀರಿ." ಅವಳು ಹಲಗೆಯ ಮೇಲೆ ಅಂಗೈ ಊರಿದಳು. "ದಿನಾ ಹೊರಡೋ ಮೊದಲು ಕೈಯಾಡಿಸಿ ನೋಡ್ತೀನಿ. ತೂತು ಬಿದ್ದ ದಿನ ತೋರಿಸ್ತೀನಿ, ದೋಣಿ ಹೋಯ್ತು ಅಪ್ಪ, ಇನ್ನು ಸಾಕು ಅಂತ. ಅವರೂ ಬಿಡ್ತಾರೆ. ಅಮ್ಮನೂ ಒಂದಿಷ್ಟು ನಿದ್ದೆ ಮಾಡ್ತಾಳೆ. ನಾವು..." ಅಲ್ಲಿಗೆ ನಿಲ್ಲಿಸಿದಳು.

"ನಡುನೀರಲ್ಲಿ ತೂತು ಬಿದ್ರೆ?"

ಅವಳು ಹತ್ತಿರ ಬಂದಳು. ನನ್ನ ಕೈ ಹಿಡಿದುಕೊಂಡಳು. ಮೊದಲ ದಿನ ಹಿಡಿಯದ ಕೈ. "ನೀವೂ ಹೇಳ್ಬೇಡಿ. ನನಗೋಸ್ಕರ."

ಆ ಕೈ ಬಿಸಿಯಾಗಿತ್ತು. ಅದನ್ನು ಹಿಡಿದುಕೊಂಡೇ ಇರಬೇಕೆಂದು ನನಗೆಷ್ಟು ಆಸೆಯಿತ್ತೋ ಹೇಳಲಾರೆ. ಬಿಡಿಸಿಕೊಂಡು ನೀರಿನ ಅಂಚಿಗೆ ಹೋಗಿ, ದೋಣಿ ಇಳಿಸಲು ಜಾಗ ನೋಡುತ್ತಿದ್ದ ಗೌಡರನ್ನು ಕರೆದೆ.

ಟ್ರೇಲರ್ ಕೆಳಗೆ ಬಗ್ಗಿಸಿ ತಳ ತೋರಿಸಿದೆ. ಉಗುರು ಇಳಿದ ಜಾಗದಲ್ಲಿ ದೋಣಿಯೊಳಗಿನ ನೀರು ಜಿನುಗಲು ಶುರುವಾಗಿತ್ತು. ಅವರು ಕೆರೆದು, ಬೆರಳು ಮೂಸಿ ನೋಡಿದರು. "ಕಬ್ಬಿಣ ತಿನ್ನದು ಗೊತ್ತಿತ್ತು. ಇದನ್ನೂ ತಿನ್ನುತ್ತೆ ಅಂತ ಹೊಳೀಲೇ ಇಲ್ಲ ನೋಡು. ನಾನೇ ಮುಳುಗಿಸಿ ತಂದಿದ್ದು." ಬೆರಳನ್ನು ಟವೆಲಿಗೆ ಒರೆಸಿಕೊಂಡು ಕೇಳಿದರು: "ದಿನಾ ತೊಳೆಯದು ಅವಳು. ಅವಳಿಗೆ ಕಾಣ್ಲಿಲ್ವಾ?"

ನಾನು ಹಲಗೆಯ ಬೋಲ್ಟ್ ಬಿಚ್ಚತೊಡಗಿದೆ. ಕೆಸರಿನಾಚೆ ಸರಿದು ನಿಂತಿದ್ದ ಮಗಳನ್ನು ಅವರು ಬಹಳ ಹೊತ್ತು ನೋಡಿದರು. ಕೋಪವಿದ್ದರೆ ಮುಖದಲ್ಲಿ ಕಾಣುತ್ತಿತ್ತು. ಕೋಪವಿರಲಿಲ್ಲ.

ಹೊಸ ಹಲಗೆ ಹಾಕಿದೆ, ಮೈಲುತುತ್ತ ಮುಟ್ಟಿಸದೆ, ಮೇಲೆ ಟಯರಿನ ರಬ್ಬರ್ ಸುತ್ತಿ. ತಳಕ್ಕೆ ತೇಪೆ ಹಾಕಿ ರಿವೆಟ್ ಹೊಡೆದೆ. ಚೈತ್ರ ಶಾಪಿಗೆ ಬಂದು ದೂರದಲ್ಲೇ ನಿಂತಳು.

"ಅಪ್ಪ ನನ್ನ ಬಗ್ಗೆ ಕೇಳಿದ್ರಾ?"

"ಕೇಳಿದ್ರು. ನಾನೇನೂ ಹೇಳಲಿಲ್ಲ."

"ಸುಮ್ಮನಿದ್ರೂ ಹೇಳಿದ ಹಂಗೇ." ಕಣ್ಣು ತುಂಬಿಕೊಂಡಿತ್ತು. "ನೀವು ಮುಚ್ಚಿಟ್ಟಿದ್ರೆ ನಿಮ್ಮನ್ನ ಮದುವೆ ಆಗಕ್ಕೆ ನನಗೆ ಮನಸ್ಸು ಬರ್ತಿರಲಿಲ್ಲ. ಹೇಳಿದ್ದಕ್ಕೆ ಮುಖ ನೋಡಕ್ಕೂ ಆಗ್ತಿಲ್ಲ. ಎಂತ ಮಾಡದು ಹೇಳಿ?"

ಸುತ್ತಿಗೆ ಕೆಳಗಿಟ್ಟೆ. "ನೀನಂದ್ರೆ ನನಗೆ ಜೀವ" ಎಂದೆ. ಅದನ್ನು ಹೇಳುವ ಹೊತ್ತು ಅದಲ್ಲವೆಂದು ಗೊತ್ತಿದ್ದೂ.

ಅವಳು ತಲೆ ಬಗ್ಗಿಸಿ, "ಗೊತ್ತು. ಎಷ್ಟು ಸಲ ಅಳೆದಿದೀರಿ" ಎಂದಳು.

ಮಾರನೇ ದಿನ ಗೌಡರು ದೋಣಿ ಇಳಿಸಿದರು. ಮುಳುಗಿದ ಊರಿನ ಹಳೇ ರಸ್ತೆಯ ಮೇಲೇ ಟಿಲ್ಲರ್ ಓಡಿಸಿ ನೀರು ಮುಟ್ಟಿಸಿದೆ. ಅವರು ಬಿದಿರಿನ ಗಳ ತೆಗೆದುಕೊಳ್ಳಲಿಲ್ಲ. ಮರೆತಿರಬೇಕೆಂದು ಕೂಗಿದೆ, ತಿರುಗಿ ನೋಡಲಿಲ್ಲ. ದೋಣಿ ಬೊಡ್ಡೆಗಳ ಸಾಲು ದಾಟಿ, ನಡುವೆ ಎದ್ದಿದ್ದ ದಿಬ್ಬದ ಹಿಂದೆ ಮರೆಯಾಯಿತು. ಚೈತ್ರ ನನ್ನ ಪಕ್ಕದಲ್ಲಿ ನಿಂತು ದಿಬ್ಬದತ್ತಲೇ ನೋಡುತ್ತಿದ್ದಳು.

ಬಿಸಿಲೇರುವ ಮೊದಲೇ ಅವರು ಮರಳಿದರು. ತೊಡೆಯ ಮೇಲೆ ಹೆಗಲ ಟವೆಲಿನ ಗಂಟು.

"ಸಿಕ್ಕಿದ" ಎಂದರು.

ಚೈತ್ರ ಕೆಸರಿನಲ್ಲೇ ಕೂತುಬಿಟ್ಟಳು. ಗಂಟು ಹಿಡಿದುಕೊಳ್ಳಲು ನಾನು ಕೈ ಚಾಚಿದೆ. ಗೌಡರು ಕೊಡಲಿಲ್ಲ, ದೋಣಿ ಇಳಿಯಲು ಮಾತ್ರ ನನ್ನ ಹೆಗಲು ಹಿಡಿದರು. ಆಗ ಗಂಟು ನನ್ನ ತೋಳಿಗೆ ತಾಗಿತು. ಟವೆಲ್ ಒಣಗಿತ್ತು.

ಮನೆಯಲ್ಲಿ ಜಲಜಮ್ಮ ಗಂಟನ್ನು ಎದೆಗೊತ್ತಿಕೊಂಡು ಅತ್ತರು. ಬಿಚ್ಚಿ ನೋಡುತ್ತೇನೆಂದಾಗ ಗೌಡರು, "ಬೇಡ ಕಣೇ. ನೋಡೋ ಹಂಗಿಲ್ಲ" ಎಂದರು. ಪೊಲೀಸರಿಗೆ ತಿಳಿಸಬೇಕಿತ್ತೇನೋ. ಯಾರೂ ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಗಂಟನ್ನು ಗಂಟಾಗಿಯೇ ಸಣ್ಣ ಚಿತೆಯ ಮೇಲಿಟ್ಟರು. ಶೃಂಗೇರಿಯಲ್ಲಿ ತುಂಗೆಗೆ ಬೂದಿ ಬಿಟ್ಟು ಬರುವಾಗ ಗೌಡರು ಬಸ್ಸಿನಲ್ಲಿ ನನ್ನ ಪಕ್ಕ ಕೂತರು. "ಆ ಟ್ರೇಲರ್ ಬಿಚ್ಚಿಬಿಡು ಮಾರಾಯ. ಕಬ್ಬಿಣ ಎಂತಕ್ಕಾದ್ರೂ ಆಗ್ತದೆ" ಎಂದು ಕಿಟಕಿಯ ಕಡೆ ತಿರುಗಿದರು. ಮತ್ತೆ, "ಮದುವೆ ತಡ ಮಾಡ್ಬೇಡಿ" ಎಂದರು.

ಮರುವರ್ಷ ನಮ್ಮ ಮದುವೆಯಾಯಿತು. ಚೈತ್ರ ಈಗಲೂ ನನ್ನನ್ನು ಮೇಸ್ತ್ರಿ ಎಂದೇ ಕರೆಯುತ್ತಾಳೆ. ಏನಾದರೂ ಅಳೆಯಲು ಕೂತರೆ ಬಾಗಿಲಲ್ಲಿ ನಿಂತು ನಗುತ್ತಾಳೆ. ಮೀನು ಮಾತ್ರ ನಮ್ಮ ಮನೆಗೆ ಬರುವುದಿಲ್ಲ.

ಟವೆಲ್ ಒಣಗಿದ್ದಕ್ಕೆ ಕಾರಣಗಳಿರಬಹುದು. ಬಿಸಿಲಿಗೆ ಬಿರಿದ ದಿಬ್ಬದ ಮೇಲೆ ಸಿಕ್ಕಿದ್ದರೆ ಒಣಗಿಯೇ ಇರುತ್ತದೆ. ನಾನು ಹಾಗೆಂದೇ ಅಂದುಕೊಳ್ಳುತ್ತೇನೆ. ಆದರೆ ಪ್ರತಿ ಬೇಸಿಗೆ ನೀರು ಇಳಿದಾಗ ಮಾವನವರು ಪಂಪು ನೋಡಿ ಬರುತ್ತೇನೆಂದು ಹೊರಟು, ಪಂಪು ದಾಟಿ, ನೀರಿನ ಅಂಚಿನವರೆಗೂ ಹೋಗಿ ನಿಲ್ಲುತ್ತಾರೆ. ಚೈತ್ರ ತವರಿನ ಹಿತ್ತಲಿನಿಂದ ಅದನ್ನು ನೋಡುತ್ತಾಳೆ. ನಾನು ಅವಳನ್ನು ನೋಡುತ್ತೇನೆ. ಇಬ್ಬರೂ ಏನೂ ಕೇಳಿಕೊಂಡಿಲ್ಲ. ಆ ಗಂಟಿನಲ್ಲಿ ಏನಿತ್ತೆಂದು ಅವಳಿಗೆ ಗೊತ್ತೋ ಇಲ್ಲವೋ ನಾನರಿಯೆ. ನನಗಂತೂ ಗೊತ್ತಿಲ್ಲ.