ಮೂರು ತಾಲೂಕಿಗೆ ಮದುವೆ ಮಾಡಹೊರಟವಳು

ತೊದಲಿ ಬೇಡಿದವರ ಬೇಡಿಕೆಯನ್ನೂ ನೆಟ್ಟಗೆ ಅರಿತು ಕರುಣಿಸುವ, ನೇತ್ರಾವತಿಯ ತಡಿಯಲ್ಲಿ ನೆಲೆಸಿದ ಶ್ರೀ ಮಂಜುನಾಥಸ್ವಾಮಿಗೆ ತಲೆಬಾಗಿ, ನಾಲಗೆಗೆ ನೆರವಾಗೆಂದು ವಾಗ್ದೇವಿಯನ್ನು ಪ್ರಾರ್ಥಿಸಿ, ಈ ಮಂಗಳಕಥೆಯನ್ನು ಆರಂಭಿಸುತ್ತೇನೆ.

"ಅಯ್ಯೋ, ಎಂಟರ್ ಒತ್ತಬೇಡಿ ಮಾರಾಯ್ರೆ!"

ಹಿಂದಿನಿಂದ ಬಂದ ಕೂಗಿಗೆ ದೀಕ್ಷಿತಾಳ ಬೆರಳು ಗಾಳಿಯಲ್ಲೇ ನಿಂತಿತು. ಮೂಡುಬಿದಿರೆಯ ಈ ಹುಡುಗಿ ಬಿ.ಸಿ.ರೋಡಿನ ಪುಟ್ಟ ವಧೂವರ ಮಾಹಿತಿ ಕೇಂದ್ರಕ್ಕೆ ಕೆಲಸಕ್ಕೆ ಬಂದ ಮೊದಲ ದಿನವದು. ಕೂಗಿದವನು ಅಲ್ಲಿನ ಡೇಟಾಬೇಸನ್ನು ಕಟ್ಟಿದ ಬೆಳ್ತಂಗಡಿಯ ಮನೀಷ್.

"ಏನಾಯ್ತು ಸರ್? ಒಬ್ಬ ಹುಡುಗನಿಗೆ ಮದುವೆಯಾಯ್ತಂತೆ. ಅವನ ಹೆಸರಿನ ಮುಂದೆ 'ವಿವಾಹಿತ' ಅಂತ ಬದಲಿಸ್ತಾ ಇದ್ದೇನೆ, ಅಷ್ಟೆ."

"ಯಾವ ಹುಡುಗ ಅಂತ ಅದಕ್ಕೆ ಹೇಳಿದ್ದೀರಾ? 'ವೇರ್' ಹಾಕಿ ಷರತ್ತು ಬರೆಯದೆ ಒತ್ತಿದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ... ಮೂರು ತಾಲೂಕಿಗೂ ಒಂದೇ ಏಟಿಗೆ ಮದುವೆ!"

"ಅಯ್ಯೋ! ನಿಮಗೂ?"

"ನನಗೂ! ಹುಡುಗಿ ಯಾರೂಂತ ಗೊತ್ತಿಲ್ಲದೆ!"

ಹೆದರಿದ್ದ ದೀಕ್ಷಿತಾ ಫಕ್ಕನೆ ನಕ್ಕಳು. ಆ ನಗುವನ್ನು ಕಂಡ ಮನೀಷ್ ತಾನು ಏನು ಹೇಳಹೊರಟಿದ್ದೆನೆಂಬುದನ್ನೇ ಮರೆತ.

ಅಂದಿನಿಂದ ಅವಳ ಒಂದೊಂದು ತೊಡಕಿಗೂ ಅವನೇ ಗುರು. ಒಮ್ಮೆ ಒಬ್ಬನೇ ವರನು ತೆರೆಯ ಮೇಲೆ ಮೂರು ಸಲ ಕಾಣಿಸಿಕೊಂಡಾಗ ಅವಳು ಕಂಗಾಲಾಗಿದ್ದಳು.

"ಹುಡುಗ ಒಬ್ಬನೇ, ಫೋನು ನಂಬರು ಮೂರು ಉಂಟು. ನೀವು ಹೆಸರಿನ ಪಟ್ಟಿಗೆ ಫೋನಿನ ಪಟ್ಟಿ ಜೋಡಿಸುವಾಗ ನಂಬರಿಗೊಂದು ಸಾಲು ಬಂತು."

"ಮೂರು ನಂಬರಿನವನಿಗೆ ಹೆಣ್ಣು ಕೊಡುವುದೇ ಬೇಡ, ಬಿಡಿ!"

ಸಂಜೆ ಅವಳ ಬಸ್ಸು ಹೊರಡುವ ತನಕ ಅವನು ನಿಲ್ದಾಣದಲ್ಲಿ ನಿಲ್ಲುತ್ತಿದ್ದ. ತನ್ನ ಬಸ್ಸು ಕಣ್ಣೆದುರೇ ಹೋದರೂ ಹತ್ತುತ್ತಿರಲಿಲ್ಲ. ಅವನು ಬಾಯಿಬಿಟ್ಟು ಏನನ್ನೂ ಹೇಳಿರಲಿಲ್ಲ. ಅವಳಿಗೆ ಎಲ್ಲವೂ ಕೇಳಿಸಿತ್ತು.

ಆದರೆ ಒಂದು ಸೋಮವಾರ...

"ತಂಗಿ, ಆ ಹುಡುಕಾಟದ ಕ್ವೆರಿ ಸರಿಯಾಯ್ತಾ?"

ತಂಗಿಯೇ?! ದೀಕ್ಷಿತಾ ತಟ್ಟನೆ ತಿರುಗಿ ನೋಡಿದಳು. ಮನೀಷ್ ಮುಖವೆತ್ತಿ ನೋಡಲೂ ಇಲ್ಲ. ಮಧ್ಯಾಹ್ನದ ಊಟಕ್ಕೆ ಕರೆಯಲಿಲ್ಲ. ಸಂಜೆ ಮೊದಲ ಬಸ್ಸಿಗೇ ಹೊರಟುಹೋದ. ಮರುದಿನವಂತೂ, "ಶನಿವಾರ ನನ್ನ ಕೊನೆಯ ದಿನ. ಪುನಃ ಮಂಗಳೂರಿನ ಹಳೆ ಕಂಪೆನಿಗೇ ಹೋಗ್ತೇನೆ" ಎಂದುಬಿಟ್ಟ.

'ನಾನೇ ಮರುಳಿ! ಇಲ್ಲದ್ದನ್ನೆಲ್ಲ ಇದೆಯೆಂದು ಎಣಿಸಿದೆ...' ಎಂದು ಅವಳು ಬಸ್ಸಿನ ಕಿಟಕಿಗೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಶನಿವಾರ ಬೆಳಗ್ಗೆ, ಮಗಳ ಹೆಸರನ್ನು ನೋಂದಾಯಿಸಿದ್ದ ವೇಣೂರಿನ ಶಶಿಪ್ರಭಾ ಶೆಟ್ಟಿಯವರು ಬಾಗಿಲಲ್ಲೇ ಗುಡುಗಿದರು.

"ಏನು ಹೆಣ್ಣೇ ಇದು? ನಿಮ್ಮ ಪಟ್ಟಿಯಲ್ಲಿ ನನ್ನದೊಂದು ಬರಿ, ನಾನು ಹೆತ್ತ ಮಗಳದ್ದು ಇನ್ನೊಂದು ಬರಿ! ಆಸ್ಪತ್ರೆಯಲ್ಲಿ ಮಗು ಬದಲಾಗಿದೆಯಾ ಹಾಗಾದ್ರೆ?"

ತುಳುನಾಡಿನ ಈ ಕುಟುಂಬಗಳಲ್ಲಿ 'ಬರಿ' ಎಂಬ ವಂಶದ ಹೆಸರು ತಾಯಿಯಿಂದಲೇ ಮಕ್ಕಳಿಗೆ ಇಳಿದು ಬರುತ್ತದೆ. ಒಂದೇ ಬರಿಯವರು ಒಡಹುಟ್ಟಿದವರಿಗೆ ಸಮ. ಅವರಲ್ಲಿ ವಿವಾಹಸಂಬಂಧ ಸಲ್ಲದು.

ದೀಕ್ಷಿತಾ, ಖಾಲಿ ಬಿಟ್ಟ ಬರಿಯನ್ನು ತಾನಾಗಿ ತುಂಬುವ, ಫಂಕ್ಷನ್ ಎಂಬ ಆದೇಶಗಳ ಕಟ್ಟನ್ನು ತೆರೆದಳು. ಅದು ತಾಯಿಯ ಬರಿಯನ್ನಲ್ಲ, ತಂದೆಯ ಬರಿಯನ್ನು ತಂದು ತುಂಬುತ್ತಿತ್ತು!

ಅವಳ ತಾಯಿಯೂ ಆ ಕೇಂದ್ರದಲ್ಲೇ ಮಗಳ ಹೆಸರು ನೋಂದಾಯಿಸಿ, ಬರಿಯ ಜಾಗ ಖಾಲಿ ಬಿಟ್ಟಿದ್ದರು. ತನ್ನ ಹೆಸರನ್ನು ಹುಡುಕಿದಳು. 'ಬಂಗೆರನ್ನಾಯ' ಎಂದಿತ್ತು. ಅದು ಅವಳ ತಂದೆಯದು. ಮನೀಷನ ಹೆಸರನ್ನು ಹುಡುಕಿದಳು. ಅವನೇ ಕೈಯಾರೆ ಬರೆದುಕೊಂಡಿದ್ದ ಬರಿಯೂ ಬಂಗೆರನ್ನಾಯ...

ಓ! ತಂಗಿ!

ತಂದೆ ಎಂದಿದ್ದಲ್ಲಿ ತಾಯಿ ಎಂದು ತಿದ್ದಿ, ಫಂಕ್ಷನ್ನನ್ನು ಮತ್ತೆ ಓಡಿಸಿ ಎದ್ದು ನಿಂತಳು. ಮನೀಷ್ ಮೂಲೆಯಲ್ಲಿ ಚೀಲ ಕಟ್ಟುತ್ತಿದ್ದ.

"ಮನೀಷ್ ಸರ್, ಬರಿ ತುಂಬುವ ಫಂಕ್ಷನ್ ಯಾರು ಬರೆದದ್ದು?"

"ನಾನೇ. ಹಳೆ ಕಂಪೆನಿಯಲ್ಲಿ ಗೋತ್ರ ತುಂಬಿಸಲಿಕ್ಕೆ ಬರೆದದ್ದು. ಗೋತ್ರ ಅಂತ ಇದ್ದಲ್ಲಿ ಬರಿ ಅಂತ ಮಾಡಿದೆ."

"ಅಪ್ಪನನ್ನು ಮಾತ್ರ ಹಾಗೇ ಬಿಟ್ಟಿರಿ! ತುಳುನಾಡಿನಲ್ಲಿ ಹುಟ್ಟಿದವರು ನೀವು, ಬರಿ ಅಪ್ಪನಿಂದ ಬರ್ತದಾ?"

ಮನೀಷ್ ಬಗ್ಗಿ ತೆರೆಯನ್ನು ನೋಡಿದ. ಬಿಳಿಚಿದ ಮುಖ ಮೆಲ್ಲನೆ ಕೆಂಪೇರಿತು.

"ಅಂದ್ರೆ... ನೀವು ಬಂಗೆರನ್ನಾಯ ಅಲ್ವಾ?"

"ಕದ್ದು ನೋಡುವ ಬದಲು ನನ್ನನ್ನೇ ಕೇಳಬಹುದಿತ್ತಲ್ಲ?"

"ಹುಡುಗಿಯ ಹತ್ತಿರ ಬರಿ ಕೇಳುವುದೂಂದ್ರೆ ಮದುವೆಗೆ ಕೇಳಿದ ಹಾಗೆಯೇ ಅಲ್ವಾ? ಧೈರ್ಯ ಬರಲಿಲ್ಲ, ದೀಕ್ಷಿತಾ."

"ಓ ದೇವರೇ!" ಬೆಂಚಿನಿಂದ ಶಶಿಪ್ರಭಾ ಕೂಗಿದರು. "ನನ್ನ ಮಗಳದ್ದು ಸರಿಯಾಯ್ತಾ ಇಲ್ವಾ? ಅದು ಹೇಳಿ, ಮತ್ತೆ ನಿಮ್ಮದು ಮಾಡಿ!"

"ಸರಿಯಾಯ್ತು ಅಕ್ಕ. ಮಗಳು ನಿಮ್ಮವಳೇ!"

"ಹಾಗಾದ್ರೆ ಕೇಳು ಮಾರಾಯ, ಎಂತ ನೋಡ್ತಾ ನಿಂತದ್ದು!"

ಮನೀಷ್ ಚೀಲವನ್ನು ಕೆಳಗಿಟ್ಟ. ಸಾವಿರಾರು ಜನರ ಬರಿಯನ್ನು ಗಣಕಕ್ಕೆ ತುಂಬಿದವನು, ಒಬ್ಬಳದ್ದನ್ನು ಕೇಳಲು ಮಾತಿಗಾಗಿ ತಡವರಿಸಿದ.

"ದೀಕ್ಷಿತಾ... ನಿಮ್ಮ ಬರಿ ಯಾವುದು?"

ಅವಳ ಕಣ್ಣು ತುಂಬಿ ಬಂತು. ತುಟಿಯಲ್ಲಿ ಮಾತ್ರ ಮೊದಲ ದಿನದ ಅದೇ ನಗು.

"ಕುಂದೆರನ್ನಾಯ. ಇನ್ನೊಮ್ಮೆ ತಂಗಿ ಅಂದರೆ ನೋಡಿ ಮತ್ತೆ!"

"ಇಲ್ಲ, ಇಲ್ಲ! ಮಂಗಳೂರಿಗೂ ಹೋಗುವುದಿಲ್ಲ. ನಾಳೆ ಅಮ್ಮನನ್ನು ಕರ್ಕೊಂಡು ನಿಮ್ಮ ಮನೆಗೆ ಬರ್ಲಾ?"

"ಬನ್ನಿ. ನಮ್ಮಿಬ್ಬರ ಹೆಸರಿನ ಮುಂದೆ 'ನಿಶ್ಚಯ' ಅಂತ ನಾನೇ ಬದಲಿಸ್ತೇನೆ."

"ವೇರ್ ಹಾಕಲಿಕ್ಕೆ ಮರೀಬೇಡಿ!"

ಈ ಕಥೆಯನ್ನು ಓದಿದವರ, ಕೇಳಿದವರ ಮನೆಗಳಲ್ಲಿ ಮಂಗಳವು ನೆಲೆಸಲಿ. ಮನಸ್ಸಿನಲ್ಲಿರುವುದನ್ನು ಕೇಳಬೇಕಾದವರ ಎದುರಿನಲ್ಲೇ ಕೇಳುವ ಧೈರ್ಯವನ್ನು ಸ್ವಾಮಿಯು ಎಲ್ಲರಿಗೂ ಅನುಗ್ರಹಿಸಲಿ. ಶುಭಮಸ್ತು.