ನಾಲ್ಕನೆಯ ಪರಿಹಾರ

ಅವನು ಅವಳ ಕೈಯಲ್ಲಿದ್ದ ಚಹಾ ಲೋಟವನ್ನು ಕಿತ್ತು ಕಿಟಕಿಯ ಕಟ್ಟೆಯ ಮೇಲಿಟ್ಟ.

“ಬಾ.”

“ಕುಡೀತಾ ಇದ್ದೆ.”

“ಆಮೇಲೆ ಕುಡಿ. ಮೆಷಿನ್ ನಿಂತಿದೆ.”

“ಕರೆಂಟ್ ಹೋಗಿರ್ಬೇಕು.”

“ಕರೆಂಟ್ ಇದೆ. ಅದಾಗೇ ನಿಂತಿದೆ.”

ಅವಳು ಅವನನ್ನು ನೋಡಿದಳು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಷರ್ಟಿನ ಗುಂಡಿಗಳೆಲ್ಲ ಒಂದೊಂದು ಮನೆ ಕೆಳಗಿಳಿದು ಕೂತಿದ್ದವು. ಗಣಿತ ವಿಭಾಗದಲ್ಲಿ ಅವನಿಗೆ ಗಡಿಬಿಡಿ ಎಂದೇ ಹೆಸರು. ಅವಳನ್ನು ಅವನು ಅನುಮಾನ ಮೇಡಂ ಎನ್ನುತ್ತಿದ್ದ. ಬಾಗಿಲಿಗೆ ಬೀಗ ಹಾಕಿದ ಮೇಲೂ ಎರಡು ಸಲ ಎಳೆದು ನೋಡುವವಳು ಎಂದು.

ಮೆಷಿನ್ನಿನಲ್ಲಿ ಓಡುತ್ತಿದ್ದ ಪ್ರೋಗ್ರಾಮ್ ಬರೆದವಳು ಅವಳೇ. ಹುಡುಕುತ್ತಿದ್ದುದು ಸಿಕ್ಕರೆ ಮಾತ್ರ ಅದು ತಾನಾಗಿ ನಿಲ್ಲಬೇಕು.

ಇಬ್ಬರೂ ಮೆಟ್ಟಿಲು ಹತ್ತಿ ಓಡಿದರು.

ಪ್ರಶ್ನೆ ಶಾಲೆಯ ಮಕ್ಕಳಿಗೂ ಅರ್ಥವಾಗುವಂಥದ್ದು. ಒಂದರಿಂದ ನಾಲ್ಕರವರೆಗಿನ ಸಂಖ್ಯೆಗಳನ್ನು ಗುಣಿಸಿದರೆ ಇಪ್ಪತ್ತನಾಲ್ಕು. ಒಂದು ಕೂಡಿಸಿದರೆ ಇಪ್ಪತ್ತೈದು, ಐದರ ವರ್ಗ. ಐದರವರೆಗೆ ಗುಣಿಸಿ ಒಂದು ಕೂಡಿಸಿದರೆ ನೂರಿಪ್ಪತ್ತೊಂದು, ಹನ್ನೊಂದರ ವರ್ಗ. ಏಳರವರೆಗೆ ಗುಣಿಸಿ ಒಂದು ಕೂಡಿಸಿದರೆ ಎಪ್ಪತ್ತೊಂದರ ವರ್ಗ. ಅದರಾಚೆ ಯಾರಿಗೂ ಒಂದೂ ಸಿಕ್ಕಿಲ್ಲ. ಮೂರೇ ಎಂದು ಸಾಧಿಸಿದವರಿಲ್ಲ. ಎಲ್ಲೋ ಒಂದು ಕಡೆ ಮುಗಿಯುತ್ತವೆ ಎಂದಾದರೂ ಸಾಧಿಸೋಣವೆಂದರೆ ಅದೂ ಆಗಿಲ್ಲ. ಯಾರೂ ಸಾಧಿಸದ ಇನ್ನೊಂದು ಊಹೆಯನ್ನು ನಿಜವೆಂದು ಒಪ್ಪಿಕೊಂಡರೆ ಮಾತ್ರ ಮುಗಿಯುತ್ತವೆ ಎನ್ನಬಹುದು. ಆ ದಾರಿ ಅವನದು. ಯಂತ್ರದಲ್ಲಿ ಒಂದೊಂದೇ ಸಂಖ್ಯೆಯನ್ನು ಪರೀಕ್ಷಿಸುತ್ತ ಹೋಗುವುದು ಅವಳ ದಾರಿ.

ಒಂದೇ ಕೋಣೆ, ಎರಡು ಮೇಜು, ನಡುವೆ ಒಂದು ಫ್ಯಾನ್. ಅದು ಅವನ ಕಡೆ ತಿರುಗಿದರೆ ಅವನ ಹಾಳೆಗಳು ಅವಳ ಮೇಜಿಗೆ ಹಾರುತ್ತಿದ್ದವು. ಎತ್ತಿಕೊಳ್ಳಲು ಬಂದವನು ಬೇಕೆಂದೇ ನಿಧಾನ ಮಾಡುತ್ತಿದ್ದ. ಅವಳು ತಲೆ ಎತ್ತದೆ, ಕಣ್ಣು ಮಾತ್ರ ಎತ್ತಿ, “ಕಲ್ಲಿಟ್ಟುಕೊಳ್ಳೋಕೆ ಏನು ಕಷ್ಟ?” ಎನ್ನುತ್ತಿದ್ದಳು. ಎರಡು ವರ್ಷವಾದರೂ ಅವನು ಕಲ್ಲು ತರಲಿಲ್ಲ.

ಪರದೆಯ ಮೇಲೆ ಒಂದು ಸಂಖ್ಯೆ ಇತ್ತು.

“ಅನುಮಾನ ಮೇಡಂ, ಈಗ ಏನಂತೀರಿ?”

“ಒಂದ್ಸಲ ಚೆಕ್ ಮಾಡೋಣ.”

“ಮಾಡೋಣ. ನಾಳೆ.”

ಅವಳ ಕೆನ್ನೆಗೆ ಸೀಮೆಸುಣ್ಣ ಹತ್ತಿತ್ತು. ಹೆಬ್ಬೆರಳಿನಿಂದ ಒರೆಸಲು ಹೋದ. ಅವನ ಬೆರಳಲ್ಲಿ ಇನ್ನೂ ಹೆಚ್ಚು ಸುಣ್ಣವಿತ್ತು. ಅವಳು ನಕ್ಕಳು. ನಗುತ್ತಿದ್ದಾಗಲೇ ಅವನು ಮುತ್ತಿಟ್ಟ. ಯಂತ್ರದ ಬಿಸಿಗಾಳಿ ಅವಳ ಕಾಲಿಗೆ ಬಡಿಯುತ್ತಿತ್ತು. ಬದುಕಿನಲ್ಲಿ ಮೊದಲ ಸಲ ಅವಳು ಚೆಕ್ ಮಾಡಲಿಲ್ಲ.

ಅದೇ ಸಂಜೆ ಅವನು ಅವಳ ಅಕ್ಕನ ಟೈಲರಿಂಗ್ ಅಂಗಡಿಯಲ್ಲಿದ್ದ. ಅಕ್ಕನ ತುಟಿಗಳ ನಡುವೆ ಗುಂಡುಪಿನ್ನುಗಳಿದ್ದವು. ಎಲ್ಲವನ್ನೂ ಕೇಳಿ ಒಂದೊಂದಾಗಿ ತೆಗೆದಿಟ್ಟಳು.

“ಲೆಕ್ಕ ಸಿಕ್ತು ಅಂತ ಮದುವೆನಾ? ಸಿಗದಿದ್ರೆ?”

“ಸಿಗದಿದ್ರೂ ಕೇಳ್ತಿದ್ದೆ ಅಕ್ಕಾ. ಸ್ವಲ್ಪ ತಡ ಆಗ್ತಿತ್ತು, ಅಷ್ಟೆ.”

“ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ. ನಿಮ್ಮದು ಎಷ್ಟುದ್ದ ಇದೆ ನೋಡೋಣ. ಕೈ ಎತ್ತಿ,” ಎಂದು ಅಕ್ಕ ಟೇಪು ಹಿಡಿದು ಎದ್ದಳು. ಕೋಟಿಗೆ ಅಳತೆ. ಒಳಗಿನಿಂದ ಭಾವ ಕೂಗಿದ: “ಮೊದ್ಲು ಗುಂಡಿ ಸರಿ ಹಾಕ್ಕೊಳೋಕೆ ಹೇಳೇ.”

ಅವನು ಎರಡು ಕೈ ಚಾಚಿ ನಿಂತು, ಅಕ್ಕನ ಭುಜದ ಮೇಲಿಂದ ಅವಳನ್ನೇ ನೋಡುತ್ತಿದ್ದ. ಅವಳು ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದಳು. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು.

ಬೆಳಿಗ್ಗೆ ಅವಳು ಒಬ್ಬಳೇ ಕೂತು ಪರೀಕ್ಷಿಸಿದಳು.

ಅಷ್ಟು ದೊಡ್ಡ ಸಂಖ್ಯೆಯನ್ನು ಪೂರ್ತಿ ಬರೆಯಲು ಯಾವ ಯಂತ್ರಕ್ಕೂ ಆಗದು. ಅದಕ್ಕೇ ಒಂದು ಉಪಾಯ: ನಲವತ್ತು ಅವಿಭಾಜ್ಯ ಸಂಖ್ಯೆಗಳನ್ನು ಕಾವಲಿಗೆ ನಿಲ್ಲಿಸುವುದು. ಪೂರ್ಣವರ್ಗವನ್ನು ಅವುಗಳಿಂದ ಭಾಗಿಸಿದರೆ ಕೆಲವು ಶೇಷಗಳಷ್ಟೇ ಬರಬಲ್ಲವು. ಬರಬಾರದ ಶೇಷವನ್ನು ಒಬ್ಬ ಕಾವಲುಗಾರ ಕಂಡರೂ ಆ ಸಂಖ್ಯೆ ಹೊರಗೆ. ಆದರೆ ಕಾವಲುಗಾರ ನಾವು ಗುಣಿಸುವ ಕೊನೆಯ ಸಂಖ್ಯೆಗಿಂತ ದೊಡ್ಡವನಾಗಿರಬೇಕು. ಚಿಕ್ಕವನಾದರೆ ಗುಣಿಸಿದವರ ಸಾಲಿನಲ್ಲಿ ಅವನೂ ಇರುತ್ತಾನೆ; ಶೇಷ ಸೊನ್ನೆ, ಒಂದು ಕೂಡಿಸಿದರೆ ಒಂದು. ಒಂದು ಯಾವಾಗಲೂ ವರ್ಗವೇ. ಅಂಥವನು ಬಂದವರಿಗೆಲ್ಲ ಸಲಾಮು ಹೊಡೆದು ಬಾಗಿಲು ತೆಗೆಯುತ್ತಾನೆ.

ಅವಳ ನಲವತ್ತರಲ್ಲಿ ಮೂವತ್ತಕ್ಕೂ ಹೆಚ್ಚು ಚಿಕ್ಕವಾಗಿದ್ದವು. ಉಳಿದವು, ನಾಣ್ಯ ಏಳೆಂಟು ಸಲ ಒಂದೇ ಮಗ್ಗುಲಿಗೆ ಬಿದ್ದ ಹಾಗೆ, ಸುಮ್ಮನೆ ತಲೆಯಾಡಿಸಿದ್ದವು. ಅವಳು ಆರಿಸಿದಾಗ ಎಲ್ಲವೂ ಹುಡುಕಾಟದ ಮೇಲಿನ ಮಿತಿಗಿಂತ ದೊಡ್ಡವೇ. ಆ ಮಿತಿಯನ್ನು ಹೋದ ವಾರ ಯಾರೋ ಹೆಚ್ಚಿಸಿದ್ದರು. ಅವಳಿಗೆ ಹೇಳಿರಲಿಲ್ಲ. ಕೋಣೆಯಲ್ಲಿ ಇರುವವರೇ ಇಬ್ಬರು.

ಅವಳಿಗೆ ಕೋಪ ಬರಲಿಲ್ಲ. ಗಡಿಬಿಡಿ ಗಡಿಬಿಡಿಯಂತೆಯೇ ಮಾಡಿದ್ದ. ಹೇಗೆ ಹೇಳಿ ನಗಿಸುವುದೆಂದು ಯೋಚಿಸುತ್ತಲೇ ಅವನನ್ನು ಹುಡುಕಿಕೊಂಡು ಹೋದಳು. ಅವನು ವಿಭಾಗದ ಮುಖ್ಯಸ್ಥರ ಕೋಣೆಯಲ್ಲಿದ್ದ. ಸುದ್ದಿ ಆಗಲೇ ಹೇಳಿಯಾಗಿತ್ತು. ಅವಳು ತಪ್ಪನ್ನು ವಿವರಿಸಿದಳು.

ಮುಖ್ಯಸ್ಥರು ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. “ನಾನು ಆಗ್ಲೇ ನಾಲ್ಕು ಜನಕ್ಕೆ ಹೇಳ್ಬಿಟ್ಟೆನಲ್ಲಪ್ಪ. ಯಾರು ಮಾಡಿದ್ದು ಇದನ್ನ?”

ಅವನ ಕೆಲಸ ಕಾಯಂ ಆಗುವ ಕಡತ ಅದೇ ಮೇಜಿನ ಮೇಲಿತ್ತು.

“ಪ್ರೋಗ್ರಾಮ್ ಅವಳದು ಸರ್,” ಎಂದ ಅವನು.

ಅದು ಸುಳ್ಳಲ್ಲ. ಅವಳು ಅವನ ಕಡೆ ನೋಡಿದಳು, ಉಳಿದರ್ಧವನ್ನು ಹೇಳಲಿ ಎಂದು ಕಾದಳು. ಅವನು ಕನ್ನಡಕ ತೆಗೆದು ಒರೆಸತೊಡಗಿದ. ಕನ್ನಡಕವಿಲ್ಲದೆ ಅವನಿಗೆ ಮೂರು ಅಡಿ ಆಚೆಯ ಮುಖ ಕಾಣುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಯಂತ್ರ ಅವಳ ಕೈತಪ್ಪಿತು. ಕೆಳಗಿನ ಮಹಡಿಯಲ್ಲಿ ಅಂಕಪಟ್ಟಿ ಟೈಪು ಮಾಡುವ ಕೆಲಸ ಸಿಕ್ಕಿತು. ಕ್ಯಾಂಟೀನಿನಲ್ಲಿ ಯಾರಾದರೊಬ್ಬರು ಕೇಳುತ್ತಿದ್ದರು: “ಏನ್ರೀ, ಐದನೇದು ಸಿಕ್ತಾ?” ಅವಳೂ ಅವರ ಜೊತೆ ನಗುತ್ತಿದ್ದಳು. ನಕ್ಕು ಮುಗಿಸಿ ತಟ್ಟೆ ತೊಳೆಯುತ್ತಿದ್ದಳು.

“ಮಿತಿ ಹೆಚ್ಚಿಸಿದ್ದು ನೀನು ಅಂತ ಸರ್ ಹತ್ರ ಒಂದು ಮಾತು ಹೇಳು. ಅಷ್ಟು ಸಾಕು,” ಎಂದಿದ್ದಳು ಅವನಿಗೆ, ಮೆಟ್ಟಿಲ ತಿರುವಿನಲ್ಲಿ.

“ಹೇಳ್ತೀನಿ ಕಣೇ. ಕಾಯಂ ಆಗ್ಲಿ, ಮಾರನೇ ದಿನವೇ ಹೇಳ್ತೀನಿ.”

ಅವನು ಅಂಗಡಿಯ ಕಡೆ ಬರುವುದನ್ನು ಬಿಟ್ಟ. ಅಕ್ಕ ಒಂದು ತಿಂಗಳು ಕೇಳಿದಳು, ಆಮೇಲೆ ಕೇಳಲಿಲ್ಲ. ಕತ್ತರಿಸಿಟ್ಟ ಕೋಟಿನ ಬಟ್ಟೆ ಬೇರೊಬ್ಬ ಗಿರಾಕಿಗೆ ಹೋಯಿತು. “ಉದ್ದದವನ ಬಟ್ಟೆ, ಕುಳ್ಳನಿಗೆ ಧಾರಾಳವಾಯ್ತು,” ಎಂದಳು ಅಕ್ಕ. ನಗು ಬರಲೆಂದು ಹೇಳಿದ್ದು. ಹೇಳಿದವಳ ಕಣ್ಣೇ ತುಂಬಿತು.

ಸೆಮಿಸ್ಟರಿನ ಕೊನೆಗೆ ಅವನು ಅವಳ ಟೈಪಿನ ಕೋಣೆಗೆ ಬಂದ. ಷರ್ಟಿನ ಗುಂಡಿಗಳು ಸರಿಯಾಗಿದ್ದವು. ಕೆಲಸ ಕಾಯಂ ಆಗಿ ವಾರವಾಗಿತ್ತು. ಕೈಯಲ್ಲಿ ಹೊಸದಾಗಿ ಮುದ್ರಿಸಿದ ಪ್ರಬಂಧ.

“ವರ್ಗ ಒಂದೇ ಅಲ್ಲ. ಎರಡನೇ ಘಾತದಿಂದ ಮೇಲಿನ ಯಾವ ಬಹುಪದೋಕ್ತಿ ಇಟ್ರೂ ಮುಗಿದೇ ಮುಗಿಯುತ್ತೆ. ಪರಿಹಾರಗಳು ಸೀಮಿತ.”

“ಆ ಊಹೆ ನಿಜವಾದ್ರೆ.”

“ಹೂಂ. ನಿಜವಾದ್ರೆ.”

“ಎಷ್ಟು ಪರಿಹಾರ ಅಂತ ಹೇಳುತ್ತಾ?”

“ಇಲ್ಲ. ಎಲ್ಲೋ ಒಂದು ಕಡೆ ಕೊನೆ ಇದೆ ಅಂತ ಮಾತ್ರ.” ಅವನು ಮೊದಲ ಪುಟವನ್ನು ಅವಳ ಕಡೆ ತಿರುಗಿಸಿದ. “ನೋಡು.”

ಅವನ ಹೆಸರಿನ ಪಕ್ಕ ಅವಳ ಹೆಸರಿತ್ತು. ಒಂದೇ ಗಾತ್ರದ ಅಕ್ಷರ. ಅವಳು ಅದನ್ನು ಬೆರಳಿನಿಂದ ಮುಟ್ಟಿದಳು. ಮುಟ್ಟಬಾರದಿತ್ತು ಅನ್ನಿಸಿತು.

“ಭಾನುವಾರ ಅಕ್ಕನ ಹತ್ರ ಬರ್ತೀನಿ,” ಎಂದ, ದನಿ ತಗ್ಗಿಸಿ. “ಬೈತಾರೆ. ಬೈಲಿ. ನಿನ್ನ ಬಿಟ್ಟು ಆ ಕೋಣೇಲಿ ಕೂರೋಕಾಗ್ತಿಲ್ಲ ಕಣೇ. ಹಾಳೆ ಹಾರಿದ್ರೆ ನೆಲಕ್ಕೆ ಬೀಳ್ತವೆ.”

ಅವನು ನಿಜವನ್ನೇ ಹೇಳುತ್ತಿದ್ದ. ಅದೇ ಕಷ್ಟ.

“ಸರ್‌ಗೆ ಹೇಳಿದ್ಯಾ?”

“ಈಗ ಹೇಳಿದ್ರೆ, ಆಗ್ಲೇ ಯಾಕೆ ಹೇಳ್ಲಿಲ್ಲ ಅಂತಾರೆ.”

“ಅಂತಾರೆ.”

“ಈ ಪೇಪರ್ ಒಂದು ಅಚ್ಚಾಗ್ಲಿ. ಆಮೇಲೆ ಖಂಡಿತ ಹೇಳ್ತೀನಿ. ನಿನ್ನ ಹೆಸರೇ ಇರುತ್ತಲ್ಲ, ಯಾರು ಏನಂತಾರೆ?”

ಅವಳು ಪುಟಗಳನ್ನು ಅಂಚು ಕೂಡಿಸಿ, ಅವನ ಕೈಗೆ ಕೊಟ್ಟಳು.

“ನನ್ನ ಹೆಸರು ತೆಗೆದುಬಿಡು.”

“ಯಾಕೆ? ಅರ್ಧ ಕೆಲಸ ನಿನ್ನದೇ ತಾನೆ.”

“ಬೇಡ.”

ಅವನು ಕನ್ನಡಕ ತೆಗೆದ. ಒರೆಸಲಿಲ್ಲ. ಸುಮ್ಮನೆ ಹಿಡಿದು ನಿಂತ.

“ಸರಿ, ಪೇಪರ್ ಬೇಡ. ಭಾನುವಾರ ಬರ್ಲಾ?”

“ಬರ್ಬೇಡ.”

“ಮುಂದಿನ ವಾರ?”

“ನೀನೂ ಬೇಡ,” ಎಂದಳು ಅವಳು.