ಉಪ್ಪು ಕಡಿಮೆ ಹಾಕಿದವಳು

ನಮ್ಮ ದ್ವೀಪದ ಆಪಿಯಾ ಪಟ್ಟಣದ ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಮಾಸಿನಾಳ ಊಟದ ಅಂಗಡಿ. ನಾನು ಮಲಾಕಿ, ಐವತ್ತು ದಾಟಿದ ಬಸ್ ಡ್ರೈವರ್; ಮದುವೆಯಾಗದೆ ಲೂಪೆ ಅಕ್ಕನ ಮನೆಯಲ್ಲೇ ಉಳಿದವನು. ಮಧ್ಯಾಹ್ನವಾದರೆ ನನ್ನ ಕಾಲು ತಾನಾಗಿಯೇ ಆ ಅಂಗಡಿಯತ್ತ ಎಳೆಯುತ್ತಿತ್ತು. ಹಸಿವು ಅನ್ನುತ್ತಿದ್ದೆ. ಕಿವಿಗೆ ಕೆಂಪು ದಾಸವಾಳ ಸಿಕ್ಕಿಸಿಕೊಂಡು ಅವಳು ತಲೆಯೆತ್ತಿ ನೋಡುವ ಗಳಿಗೆಗಾಗಿ ಅಂತ ಯಾರಿಗೆ ಹೇಳಲಿ?

ಆವತ್ತೂ ನನ್ನ ಎಂದಿನ ಊಟವನ್ನೇ ಕೇಳಿದೆ: ಬೇಯಿಸಿದ ಕೆಸುವಿನ ಗೆಡ್ಡೆ, ಮೇಲೆ ಡಬ್ಬಿಯ ಉಪ್ಪು ಬೀಫ್.

"ಬೀಫ್ ಖಾಲಿ," ಅಂದವಳು ಸುಟ್ಟ ಮೀನು, ಬಾಳೆಕಾಯಿ ಬಡಿಸಿದಳು. ನನ್ನ ಹಿಂದೆ ನಿಂತವನ ತಟ್ಟೆಗೆ ನೋಡಿದರೆ ರಾಶಿ ಬೀಫ್!

"ಇದೇನ್ರೀ?"

"ನಿಮಗೆ ಖಾಲಿ. ಅವರಿಗಿದೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ನನ್ನ ಹೊಟ್ಟೆ ನೋಡಿ ಅಣಕಿಸಿದಳು ಅಂದುಕೊಂಡು, ಮುಖ ಊದಿಸಿಕೊಂಡು ಎದುರಿನ ಅಂಗಡಿಗೆ ಹೋದೆ. ಆಮೇಲೆ ದಿನವೂ ಅಲ್ಲೇ. ಕೇಳಿದಷ್ಟು ಕೊಬ್ಬು, ಕೇಳಿದಷ್ಟು ಉಪ್ಪು, ಕೊನೆಗೊಂದು ಸಿಗರೇಟು. ಆದರೂ ರುಚಿ ಹತ್ತುತ್ತಿರಲಿಲ್ಲ. ಓರೆಗಣ್ಣಲ್ಲಿ ಆ ಕಡೆ ನೋಡಿದರೆ ಅವಳೂ ನೋಡುತ್ತಿರುತ್ತಿದ್ದಳು. ಇಬ್ಬರೂ ಒಟ್ಟಿಗೇ ಮುಖ ತಿರುಗಿಸುತ್ತಿದ್ದೆವು.

ಒಂದು ಬೆಳಿಗ್ಗೆ, ಬಸ್ಸಿಗೆ ಜನ ಹತ್ತುವ ಮುಂಚೆ, ದವಡೆ ನೋಯತೊಡಗಿತು. ಎದೆಯ ಮೇಲೆ ಯಾರೋ ಮೂಟೆ ಹೇರಿದ ಹಾಗೆ. ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಸ್ಟೀರಿಂಗ್ ಮೇಲೆ ತಲೆಯಿಟ್ಟೆ.

"ಏನಾಯ್ತು?" ಮಾಸಿನಾ ಬಸ್ಸಿನೊಳಗೇ ಬಂದಿದ್ದಳು, ಕೈಯಲ್ಲಿ ಸೌಟು ಹಾಗೇ ಇತ್ತು.

"ಏನಿಲ್ಲ, ಗ್ಯಾಸು. ಈಗ ಹೋಗುತ್ತೆ."

"ನನ್ನ ಗಂಡನೂ ಗ್ಯಾಸು ಅಂತಲೇ ಮಲಗಿದ. ಏಳಲೇ ಇಲ್ಲ. ನೀನು ನನ್ನೆದುರು ಆ ಮಾತಾಡಬೇಡ!"

ಅಲ್ಲಿಯವರೆಗೆ 'ನೀವು' ಅನ್ನುತ್ತಿದ್ದವಳು 'ನೀನು' ಅಂದಳು. ಆ ನೋವಿನಲ್ಲೂ ನನಗದು ಕೇಳಿಸಿತು. ಆಸ್ಪತ್ರೆಯವರೆಗೂ ಟ್ಯಾಕ್ಸಿಯಲ್ಲಿ ಅವಳು ನನ್ನ ಕೈ ಬಿಡಲಿಲ್ಲ.

ತಕ್ಷಣ ಬಂದದ್ದಕ್ಕೇ ಉಳಿದಿರಿ ಅಂದರು ಡಾಕ್ಟರ್. ಬಿಪಿ, ಸಿಗರೇಟು, ಉಪ್ಪು, ದಿನವಿಡೀ ಕೂತು ಮಾಡುವ ಕೆಲಸ, ಎಲ್ಲ ಸೇರಿ ಹೃದಯಕ್ಕೆ ಹೋಗುವ ರಕ್ತನಾಳ ಕಟ್ಟಿತ್ತಂತೆ.

ಲೂಪೆ ಅಕ್ಕ ಮೊದಲು ಅತ್ತಳು, ಆಮೇಲೆ ಬೈದಳು. "ಬಸ್ಸಿನ ಮೆಟ್ಟಿಲು ಹತ್ತುವಾಗ ನಿನಗೆ ಏದುಸಿರು ಬರೋದನ್ನ ಮಾಸಿನಾ ಯಾವತ್ತೋ ಗಮನಿಸಿದ್ದಾಳೆ. ಅದಕ್ಕೇ ಬೀಫ್ ಕೊಡಲಿಲ್ಲ, ಪೆದ್ದಪ್ಪ!"

ಮನೆಗೆ ಬಂದಮೇಲೆ ಸಿಗರೇಟು ಬಿಟ್ಟೆ. ಡಾಕ್ಟರ್ ನಡೆಯಲು ಹೇಳಿದ ದಿನದಿಂದ, ಬೆಳಗಾಗುವಷ್ಟರಲ್ಲಿ ಮಾಸಿನಾ ಸಮುದ್ರದ ಅಲೆ ತಡೆಯಲು ಕಟ್ಟಿದ ಉದ್ದನೆಯ ಗೋಡೆಯ ಬಳಿ ಕಾಯುತ್ತಿದ್ದಳು.

"ಬಾ ಡ್ರೈವರಪ್ಪ, ಗೇರ್ ಹಾಕು."

"ಇದು ಹಳೇ ಗಾಡಿ ಕಣೇ, ತಳ್ಳಬೇಕು."

"ತಳ್ಳೋಕೆ ತಾನೇ ಬಂದಿರೋದು!"

ಗಾಳಿಗೆ ಹಾರುವ ಕೂದಲನ್ನು ಹಿಂದಕ್ಕೆ ತಳ್ಳುತ್ತ ನಗುವಳು. ನನಗೆ ಉಸಿರು ಹೆಚ್ಚಾದರೆ ತನ್ನ ಚಪ್ಪಲಿಗೆ ಮರಳು ಹೊಕ್ಕಿತು ಅಂತ ನೆಪ ಹೇಳಿ ನಿಲ್ಲುವಳು. ಗಂಡಸಿನ ಮಾನ ಕಾಯುವ ಅಂಥ ಹೆಂಗಸನ್ನು ನಾನು ನೋಡಿರಲಿಲ್ಲ. ಆಯಾಸವಿಲ್ಲದೆ ಆ ಗೋಡೆಯ ತುದಿ ಮುಟ್ಟಿದ ದಿನ ತಡೆಯಲಾಗಲಿಲ್ಲ.

"ಮಾಸಿನಾ, ನನ್ನ ಮದುವೆಯಾಗ್ತೀಯಾ?"

ಅವಳ ನಗು ನಿಂತಿತು. ಸಮುದ್ರದ ಕಡೆ ತಿರುಗಿದಳು. "ಜೀವ ಉಳಿಸಿದೆ ಅಂತ ಋಣ ತೀರಿಸೋಕೆ ಬಂದಿದ್ರೆ ಬೇಡ. ಮತ್ತೆ... ಇನ್ನೊಂದು ಸಲ ಕಳಕೊಳ್ಳೋ ಶಕ್ತಿ ನನಗಿಲ್ಲ, ಮಲಾಕಿ."

"ಋಣ ಡಾಕ್ಟರದ್ದೂ ಇದೆ. ಆದರೆ ಅವರ ಮುಖ ನೋಡೋಕೆ ನಾನು ಕೋಳಿ ಕೂಗೋ ಮೊದಲೇ ಏಳ್ತೀನಾ?"

ಅವಳು ನಕ್ಕೇಬಿಟ್ಟಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ಎಷ್ಟು ದಿನ ಇರ್ತೀನೋ ದೇವರಿಗೇ ಗೊತ್ತು," ಅಂದೆ. "ಇರೋಷ್ಟು ದಿನ ಮಾತ್ರೆ ತಪ್ಪಿಸಲ್ಲ, ನಡಿಗೆ ತಪ್ಪಿಸಲ್ಲ. ನಿನ್ನನ್ನ ಹೆದರಿಸಲ್ಲ."

ಅವಳು ನನ್ನ ತೋಳಿಗೆ ತೋಳು ಸೇರಿಸಿ, "ನಡಿ, ನಿಮ್ಮ ಅಕ್ಕನಿಗೆ ಹೇಳೋಣ," ಅಂದಳು.

ಆ ಸಂಜೆ ಮನೆಯವರೆಲ್ಲ ಚಾಪೆಯ ಮೇಲೆ ಕೂತು ಪ್ರಾರ್ಥನೆ ಶುರುಮಾಡಿದಾಗ, ಅಕ್ಕ ನನಗೇ ಹೇಳಲು ಸನ್ನೆ ಮಾಡಿದಳು. ಕಣ್ಣು ಮುಚ್ಚಿದೆ. ಉಸಿರು, ಬೆಳಗು, ಗಾಳಿ, ಎಷ್ಟಕ್ಕೆಲ್ಲ ಕೃತಜ್ಞತೆ ಹೇಳಬೇಕಿತ್ತು! ಅದೆಲ್ಲ ಸೇರಿ ಒಂದೇ ಹೆಸರಾಗಿ ಬಂತು.

"ದೇವರೇ," ಅಂದೆ, "ಮಾಸಿನಾ."

ಅಕ್ಕ ಒಂದು ಕ್ಷಣ ಕಾದಳು. ಆಮೇಲೆ ಮೂಗೆಳೆದುಕೊಂಡು, ಎಲ್ಲರಿಗಿಂತ ಗಟ್ಟಿಯಾಗಿ, "ಆಮೆನ್," ಅಂದಳು.